ತೊಗರಿಯ ಜೀನ್ ಓದಿದೆವು, ನೆಟೆ ನಿಲ್ಲಲಿಲ್ಲ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ, ಭೀಮಾ ದಂಡೆಯ ಮಣ್ಣೂರಿನಲ್ಲಾಗಲಿ, ಆಳಂದ, ಜೇವರ್ಗಿಯ ಎರೆ ಹೊಲಗಳಲ್ಲಾಗಲಿ, ತೊಗರಿ ಕೈಕೊಡುವುದು ಬಿತ್ತಿದ ತಿಂಗಳಲ್ಲಲ್ಲ. ಮುಂಗಾರಿಗೆ ಬಿತ್ತಿ, ಎಡೆ ಹೊಡೆದು, ಕಳೆ ತೆಗೆಸಿ, ಕುಡಿ ಚಿವುಟಿಸಿ, ಔಷಧಿ ಸಿಂಪಡಿಸಿ, ಖರ್ಚೆಲ್ಲ ಮಾಡಿ ಮುಗಿಸಿದ ಮೇಲೆ, ಹೂವು ಕಾಯಿಯ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಮೊದಲು ಎಲೆ ಜೋತು ಬೀಳುತ್ತದೆ, ನೀರಿಲ್ಲದೆ ಬಾಡಿದ ಹಾಗೆ. ಆದರೆ ಬುಡದ ಮಣ್ಣು ಕೆದಕಿದರೆ ತೇವ ಇದ್ದೇ ಇರುತ್ತದೆ. ಕಾಂಡದ ಬುಡದಿಂದ ಮೇಲಕ್ಕೆ ನೇರಳೆ ಕಂದು ಬಣ್ಣದ ಪಟ್ಟಿಯೊಂದು ಏರುತ್ತದೆ. ಅಲ್ಲಿ ತೊಗಟೆ ಸುಲಿದು ಕುಡುಗೋಲಿನಿಂದ ಸೀಳಿದರೆ, ನೀರು ಹರಿಯಬೇಕಾದ ನಾಳಗಳ ಜಾಗದಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಇದೇ ನೆಟೆ ರೋಗ. ಕಾಯಿ ಕಟ್ಟುವ ಮೊದಲೇ ಬಂದರೆ ಆ ಗಿಡದ ಫಸಲು ಪೂರ್ತಿ ಹೋಯಿತು. ಕಾಯಿ ಬಲಿಯುವಾಗ ಬಂದರೆ ಮೂರರಲ್ಲಿ ಎರಡು ಪಾಲು. ಕೊಯ್ಲಿಗೆ ತುಸು ಮೊದಲು ಬಂದರೂ ಸುಮಾರು ಶೇ 30ರಷ್ಟು ನಷ್ಟ ಎಂಬುದು 1980ರ ದಶಕದ ಆರಂಭದಲ್ಲೇ ವಿಜ್ಞಾನಿಗಳು ಅಳೆದು ಹೇಳಿದ ಲೆಕ್ಕ. 2022ರ ಹಂಗಾಮಿನಲ್ಲಿ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ತೊಗರಿ ಹೀಗೆ ಒಣಗಿ ನಿಂತಾಗ ರಾಜ್ಯ ಸರ್ಕಾರ 223 ಕೋಟಿ ರೂಪಾಯಿ ಪರಿಹಾರ ಘೋಷಿಸಿತು. ಹೆಕ್ಟೇರಿಗೆ 10 ಸಾವಿರ, ಅಂದರೆ ಎಕರೆಗೆ ನಾಲ್ಕು ಸಾವಿರದ ಆಸುಪಾಸು. ಒಂದು ಎಕರೆಯ ಬೀಜ, ಗೊಬ್ಬರ, ಔಷಧಿ, ಆಳಿನ ಕೂಲಿ ಲೆಕ್ಕ ಹಾಕಿದವರಿಗೆ ಆ ನಾಲ್ಕು ಸಾವಿರ ಎಷ್ಟು ದಿನದ್ದು ಎಂಬುದು ಗೊತ್ತು.

ವಿಚಿತ್ರವೆಂದರೆ, ಹೀಗೆ ನಮ್ಮ ಕಣ್ಣೆದುರು ಒಣಗುವ ಈ ಗಿಡ ವಿಜ್ಞಾನಕ್ಕೆ ಅಪರಿಚಿತವಲ್ಲ. ಬೇಳೆಕಾಳುಗಳಲ್ಲಿ ತೀರಾ ಮೊದಲಿಗೆ ತನ್ನ ವಂಶವಾಹಿಗಳ ಪೂರ್ತಿ ಪುಸ್ತಕವನ್ನು ಓದಿಸಿಕೊಂಡ ಗಿಡಗಳ ಸಾಲಿನಲ್ಲಿ ತೊಗರಿಯೂ ಇದೆ. 2011ರ ಕೊನೆಯಲ್ಲಿ ಎರಡು ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ಈ ಕೆಲಸ ಮುಗಿಸಿದವು. ಒಂದು, ನಾಗೇಂದ್ರ ಕುಮಾರ್ ಸಿಂಗ್ ಅವರ ಮುಂದಾಳತ್ವದ ಭಾರತೀಯ ಕೃಷಿ ಸಂಶೋಧನಾ ವ್ಯವಸ್ಥೆಯ ತಂಡ. ಇನ್ನೊಂದು, ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿರುವ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ರಾಜೀವ್ ವಾರ್ಷ್ಣೇಯ ಅವರು ಮುನ್ನಡೆಸಿದ ಅಂತರರಾಷ್ಟ್ರೀಯ ತಂಡ. ಎರಡೂ ತಂಡಗಳು ಓದಿದ್ದು ‘ಆಶಾ’ ಎಂಬ ತಳಿಯನ್ನು. ಇಕ್ರಿಸ್ಯಾಟ್ ತಂಡದ ಪ್ರಕಾರ ತೊಗರಿಯ 11 ಜೊತೆ ವರ್ಣತಂತುಗಳಲ್ಲಿ ಸುಮಾರು 83 ಕೋಟಿ ಅಕ್ಷರಗಳಿವೆ. ಅದರಲ್ಲಿ ಮುಕ್ಕಾಲಿಗೆ ತುಸು ಕಡಿಮೆ ಭಾಗವನ್ನು ಜೋಡಿಸಿ 48,680 ಜೀನ್‌ಗಳನ್ನು ಗುರುತಿಸಿದರು. ಮನುಷ್ಯನಲ್ಲಿ ಪ್ರೋಟೀನ್ ಕಟ್ಟುವ ಜೀನ್‌ಗಳು ಸುಮಾರು 20 ಸಾವಿರ. ತೊಗರಿಗಿಂತ ನಾವು ಸಂಕೀರ್ಣ ಎಂಬ ಹಮ್ಮು ಇದ್ದವರು ಈ ಲೆಕ್ಕವನ್ನು ಒಮ್ಮೆ ನೋಡಬಹುದು. 2016ರಲ್ಲಿ ನೆಟೆ ರೋಗ ತಡೆಯುವ ಶಕ್ತಿಗೂ ನಿರ್ದಿಷ್ಟ ಜೀನ್‌ಗಳಲ್ಲಿನ ಅಕ್ಷರ ಬದಲಾವಣೆಗೂ ನಂಟಿರುವ ಸಾಧ್ಯತೆಯನ್ನು ಇಕ್ರಿಸ್ಯಾಟ್ ಗುಂಪು ತೋರಿಸಿತು. ಅಂಥ ಒಂದು ಜೀನಿಗೆ ಇಟ್ಟ ಹೆಸರು ಹೊಲದ ಸರ್ವೆ ನಂಬರಿನಂತೆ ಬರೀ ಅಂಕಿ, 03203. ಹಾಗಾದರೆ ಜೀನಿನ ವಿಳಾಸ ಸಿಕ್ಕಿ ಇಷ್ಟು ವರ್ಷವಾದರೂ ಅಫಜಲಪುರದ ಹೊಲದಲ್ಲಿ ನೆಟೆ ಯಾಕೆ ನಿಲ್ಲುತ್ತಿಲ್ಲ? ನನ್ನ ವಾದ ಇಷ್ಟು: ಜೀನನ್ನು ಓದುವುದಕ್ಕೆ ಪ್ರಯೋಗಾಲಯ ಸಾಕು, ಆದರೆ ಜೀನ್ ಕೆಲಸ ಮಾಡುವುದು ಮಣ್ಣಿನಲ್ಲಿ. ಆ ಮಣ್ಣಿನಲ್ಲಿ ಏನು ನಡೆಯುತ್ತಿದೆ ಎಂದು ಊರೂರಿಗೆ ಹೋಗಿ ವರ್ಷವರ್ಷವೂ ನೋಡುವ ಸಂಶೋಧನೆಗೆ ನಾವು ಹಣವನ್ನೂ ಕೊಡಲಿಲ್ಲ, ಮರ್ಯಾದೆಯನ್ನೂ ಕೊಡಲಿಲ್ಲ.

ಈ ಮಾತಿಗೆ ಅತಿ ದೊಡ್ಡ ಸಾಕ್ಷಿ ನಮ್ಮದೇ ‘ಮಾರುತಿ’. ವಿಜ್ಞಾನಿಗಳ ದಾಖಲೆಯಲ್ಲಿ ಇದು ಐಸಿಪಿ 8863. ಯಾವುದೋ ಕಂಪನಿಯ ಕೊಡುಗೆಯಲ್ಲ. ಮಹಾರಾಷ್ಟ್ರದ ಕಡೆಯ ಜವಾರಿ ಬೀಜವೊಂದರಿಂದ, ರೋಗದ ಮಣ್ಣಿನಲ್ಲಿ ಬೆಳೆಸಿ, ಸತ್ತವನ್ನು ಬಿಟ್ಟು ಬದುಕಿದ್ದನ್ನು ಆರಿಸುತ್ತಾ ಹೋಗಿ ಸಿಕ್ಕ ತಳಿ. ಕರ್ನಾಟಕದಲ್ಲಿ 1986ರಲ್ಲಿ ಬಿಡುಗಡೆಯಾಯಿತು. ಏಳೆಂಟು ವರ್ಷಗಳೊಳಗೆ ಉತ್ತರ ಕರ್ನಾಟಕದ ತೊಗರಿ ಪ್ರದೇಶದ ಸುಮಾರು ಶೇ 60ರಷ್ಟನ್ನು ಅದೊಂದೇ ಆವರಿಸಿತು. ಆಗ ತೊಗರಿಯ ಜೀನ್ ಪುಸ್ತಕ ಯಾರ ಬಳಿಯೂ ಇರಲಿಲ್ಲ. ಇದ್ದದ್ದು ರೋಗದ ಹೊಲ ಮತ್ತು ತಾಳ್ಮೆ. ನೆಟೆಯ ಮುಂದೆ ಗಟ್ಟಿಯಾಗಿ ನಿಂತ ಇದೇ ಮಾರುತಿ ಇನ್ನೊಂದು ರೋಗದ ಮುಂದೆ ಎಷ್ಟು ಮೆತ್ತಗೆಂದರೆ, ಗೊಡ್ಡು ರೋಗದ ಪ್ರಯೋಗ ಮಾಡುವ ವಿಜ್ಞಾನಿಗಳು ‘ಖಂಡಿತ ರೋಗಕ್ಕೆ ಬೀಳುವ ತಳಿ’ ಎಂದು ಹೋಲಿಕೆಗಾಗಿ ಬಿತ್ತುವುದು ಇದನ್ನೇ. ಗೊಡ್ಡು ರೋಗ ಬಂದ ಗಿಡ ಸಾಯುವುದಿಲ್ಲ. ಪೊದೆಯಾಗಿ, ತಿಳಿ ಹಸಿರು ಎಲೆಯ ಮೇಲೆ ಹಳದಿ ಚುಕ್ಕಿ ಹೊತ್ತು, ಹೂವಿಲ್ಲದೆ ಕಾಯಿಲ್ಲದೆ ರಾಶಿಯ ದಿನದವರೆಗೂ ನಿಂತೇ ಇರುತ್ತದೆ. ದೂರದಿಂದ ನೋಡಿದವರಿಗೆ ಬೆಳೆ ಸೊಂಪಾಗಿದೆ ಎನಿಸುತ್ತದೆ. ಈ ರೋಗವನ್ನು 1931ರಲ್ಲೇ ಬಿಹಾರದ ಪೂಸಾದಲ್ಲಿ ಗುರುತಿಸಿದ್ದರೂ ಅದರ ಹಿಂದಿನ ವೈರಸ್ ಖಚಿತವಾಗಿ ಸಿಕ್ಕಿದ್ದು ಹತ್ತಿರಹತ್ತಿರ ಎಪ್ಪತ್ತು ವರ್ಷಗಳ ನಂತರ. ಅದನ್ನು ಹೊತ್ತು ತರುವ ನುಸಿಯಂತೂ ಬರಿಗಣ್ಣಿಗೆ ಕಾಣುವುದೇ ಇಲ್ಲ. ಪಟಾಂಚೆರುವಿನ ವೈರಸ್ಸಿಗೆ ಜಗ್ಗದ ಎಷ್ಟೋ ತಳಿಗಳು ಬೆಂಗಳೂರಿನ ಕಡೆಯ ವೈರಸ್ಸಿಗೆ ಸೋತಿವೆ. ಒಂದೇ ಬೀಜ, ಒಂದೇ ಜೀನ್, ಎರಡು ಊರು, ಎರಡು ಫಲಿತಾಂಶ. ‘ರೋಗನಿರೋಧಕ ತಳಿ’ ಎಂದು ಬೀಜದ ಚೀಲದ ಮೇಲೆ ಅಚ್ಚು ಹಾಕುವಾಗ ಯಾವ ರೋಗಕ್ಕೆ, ಯಾವ ಊರಿನ ರೋಗಕ್ಕೆ ಎಂಬುದನ್ನೂ ಹಾಕಬೇಕಾದೀತು.

ಇದು ಯಾಕೆ ಹೀಗೆ ಎನ್ನುವುದಕ್ಕೆ ಜೀನ್ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನೋಡಬೇಕು. ಜೀನ್ ಎಂದರೆ ಗುಣವೇ ಎಂದು ನಾವು ಮಾತಿನಲ್ಲಿ ಹೇಳಿಬಿಡುತ್ತೇವೆ. ಹಾಗಲ್ಲ; ಅದೊಂದು ಬರಹ, ಜೀವಕೋಶ ಬೇಕಾದಾಗ ಅದನ್ನು ತೆಗೆದು ಓದಿ, ಅದರಂತೆ ಒಂದು ಪ್ರೋಟೀನನ್ನು ಕಟ್ಟಿಕೊಳ್ಳುತ್ತದೆ. ರೋಗ ತಡೆಯುವ ಹಲವು ಜೀನ್‌ಗಳು ಕಟ್ಟುವ ಪ್ರೋಟೀನ್ ಒಂದು ರೀತಿಯಲ್ಲಿ ಊರ ತಳವಾರನಿದ್ದಂತೆ. ಶಿಲೀಂಧ್ರ ಬೇರಿನೊಳಗೆ ನುಗ್ಗುವಾಗ ತನ್ನೊಂದಿಗೆ ತರುವ ಕೆಲವು ರಾಸಾಯನಿಕಗಳ ಗುರುತು ಅದಕ್ಕೆ ಸಿಕ್ಕರೆ ಕೂಗು ಹಾಕುತ್ತದೆ. ಆ ಕೂಗಿಗೆ ಬೇರೆ ಜೀನ್‌ಗಳು ಎಚ್ಚೆತ್ತು ಗಿಡದ ಮದ್ದನ್ನು ತಯಾರಿಸುತ್ತವೆ. ತೊಗರಿಯ ಅಂಥ ಮದ್ದುಗಳಲ್ಲೊಂದು ಕಜನಾಲ್. 1990ರ ದಶಕದಲ್ಲಿ ಮಾರ್ಲಿ ಮತ್ತು ಹಿಲಾಕ್ಸ್ ಎಂಬ ಸಂಶೋಧಕರು ತೋರಿಸಿದ್ದು ಇದನ್ನು: ನೆಟೆ ತಡೆಯುವ ತಳಿಯಲ್ಲೂ ತಡೆಯದ ತಳಿಯಲ್ಲೂ ಕಜನಾಲ್ ಹುಟ್ಟುತ್ತದೆ, ಆದರೆ ತಡೆಯುವ ತಳಿಯಲ್ಲಿ ಬೇಗ ಹುಟ್ಟುತ್ತದೆ, ಹೆಚ್ಚು ಹುಟ್ಟುತ್ತದೆ. ಅಂದರೆ ವ್ಯತ್ಯಾಸ ಮದ್ದು ಇದೆಯೋ ಇಲ್ಲವೋ ಎಂಬುದರಲ್ಲಿಲ್ಲ, ಹೊತ್ತಿಗೆ ಬರುತ್ತದೋ ಇಲ್ಲವೋ ಎಂಬುದರಲ್ಲಿದೆ. ಅವರೇ ಇನ್ನೂ ಮುಂದೆ ಹೋಗಿ ಬೇರುಗಂಟು ಜಂತುಹುಳು ಇರುವ ಗಿಡಗಳನ್ನು ನೋಡಿದಾಗ, ನಿರೋಧಕ ತಳಿಯಲ್ಲೇ ಕಜನಾಲ್ ಪ್ರಮಾಣ ಬಹಳ ಇಳಿದಿತ್ತು. ಜೀನ್ ಅದೇ, ಒಂದಕ್ಷರವೂ ಬದಲಾಗಿಲ್ಲ. ಮಣ್ಣಿನಲ್ಲಿ ಇನ್ನೊಂದು ಹುಳು ಇದ್ದುದಕ್ಕೆ ಅದರ ಕೆಲಸ ಕುಂಟಿತು. ಈ ಒಂದು ಫಲಿತಾಂಶ ಸಾಕು, ಒಳ್ಳೆಯ ಜೀನ್ ಹುಡುಕಿ ಬೀಜಕ್ಕೆ ಸೇರಿಸಿದರೆ ಮುಗಿಯಿತು ಎಂಬ ಲೆಕ್ಕಾಚಾರವನ್ನು ತಿದ್ದಲು. ಎರೆ ಮಣ್ಣಿನಲ್ಲಿ ಎರಡು ಮೂರು ದಿನ ನೀರು ನಿಂತರೆ, ಹೋದ ವರ್ಷದ ಕೂಳೆ ಅಲ್ಲೇ ಕೊಳೆಯದೆ ಉಳಿದಿದ್ದರೆ, ಅದೇ ಹೊಲದಲ್ಲಿ ಐದು ವರ್ಷ ಎಡೆಬಿಡದೆ ತೊಗರಿಯನ್ನೇ ಹಾಕಿದ್ದರೆ, ತಳವಾರ ಇದ್ದೂ ಕಳ್ಳತನವಾಗುತ್ತದೆ. ಇನ್ನೊಂದು ಕಡೆಯಿಂದ ಕಳ್ಳನೂ ವೇಷ ಬದಲಿಸುತ್ತಾನೆ. ನೆಟೆಯ ಶಿಲೀಂಧ್ರದಲ್ಲಿ ಹಲವು ಬಗೆಗಳಿರುವುದು, ಒಂದು ಪ್ರದೇಶದಲ್ಲಿ ತಡೆದುಕೊಂಡ ತಳಿ ಇನ್ನೊಂದರಲ್ಲಿ ಬೀಳುವುದು ದೇಶದ ಹಲವು ಕೇಂದ್ರಗಳ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ನಿರೋಧ ಶಕ್ತಿ ಒಂದೇ ಜೀನಿನದ್ದೆಂದು ಕೆಲವರು, ಎರಡರದ್ದೆಂದು ಕೆಲವರು, ಹಲವು ಜೀನ್‌ಗಳ ಕೂಟವೆಂದು ಕೆಲವರು ಬರೆದಿರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ: ಪ್ರತಿಯೊಬ್ಬರೂ ಬೇರೆ ಬೇರೆ ತಳಿಯನ್ನು ಬೇರೆ ಬೇರೆ ಮಣ್ಣಿನಲ್ಲಿ ಕೇಳಿದ ಪ್ರಶ್ನೆ ಅದು.

ಇದಕ್ಕಿಂತ ಮುಜುಗರದ ಸಂಗತಿ ಇನ್ನೊಂದಿದೆ. ಹೊಲದಲ್ಲಿ ಒಣಗಿ ನಿಂತದ್ದೆಲ್ಲ ನಮ್ಮಲ್ಲಿ ನೆಟೆಯೇ. ರೈತ ಹಾಗೆ ಕರೆದರೆ ತಪ್ಪೇನಿಲ್ಲ, ಅವನ ಪಾಲಿಗೆ ನಷ್ಟ ಒಂದೇ. ಆದರೆ ಪರಿಹಾರದ ಪಟ್ಟಿ, ಇಲಾಖೆಯ ಟಿಪ್ಪಣಿ, ಪತ್ರಿಕೆಯ ಸುದ್ದಿಗಳಲ್ಲೂ ಬಹುಮಟ್ಟಿಗೆ ಅದೊಂದೇ ಪದ. ನಿಜಕ್ಕೂ ಕನಿಷ್ಠ ಮೂರು ಬೇರೆ ಬೇರೆ ರೋಗಗಳು ತೊಗರಿಯನ್ನು ಹೀಗೆ ಒಣಗಿಸಬಲ್ಲವು. ನೇರಳೆ ಪಟ್ಟಿ, ನಾಳದಲ್ಲಿ ಕಪ್ಪು ಗೆರೆ ಇದ್ದರೆ ಅದು ಫ್ಯುಸೇರಿಯಂ, ಅಸಲಿ ನೆಟೆ. ಗಿಡ ಕಿತ್ತಾಗ ಬೇರು ಲಟಕ್ಕನೆ ಮುರಿದು, ಸಿಪ್ಪೆ ಚೂರಾಗಿ ಬಂದು, ಒಳಗೆ ಸಾಸಿವೆಗಿಂತ ಸಣ್ಣ ಕರಿ ಕಾಳುಗಳಂಥವು ಕಂಡರೆ ಒಣ ಬೇರು ಕೊಳೆ. ಅದು ಬಿಸಿಲು ಹೆಚ್ಚಿ ತೇವ ಆರಿದಾಗ ಬರುವಂಥದ್ದು. ನೆಲದಿಂದ ಗೇಣು ಮೇಲೆ ಕಾಂಡದಲ್ಲಿ ತಗ್ಗು ಬಿದ್ದ ಗಾಯ, ಗಾಳಿಗೆ ಅಲ್ಲೇ ಮುರಿದು ಬಿದ್ದ ಗಿಡ, ಅಕ್ಕಪಕ್ಕ ನೀರು ನಿಂತ ಗುರುತು ಇದ್ದರೆ ಫೈಟಾಫ್ತೊರಾ; ಅದು ಮಳೆ ಅತಿಯಾದಾಗಿನದ್ದು. ಒಂದಕ್ಕೆ ಕೆಲಸ ಮಾಡುವ ಜೀನ್ ಇನ್ನೊಂದಕ್ಕೆ ಮಾಡಬೇಕೆಂದೇನಿಲ್ಲ. ನೆಟೆ ನಿರೋಧಕ ಬೀಜ ತಂದು ಬಿತ್ತಿದ ಮೇಲೂ ಹೊಲ ಒಣಗಿತು ಎಂದಾಗ ಬೀಜ ಮೋಸವೋ, ಜೀನ್ ಸೋತಿತೋ, ಅಥವಾ ಬಂದ ರೋಗವೇ ಬೇರೆಯೋ ಎಂಬುದನ್ನು ಹೇಳಬೇಕಾದರೆ ಯಾರಾದರೂ ಆ ಹೊಲಕ್ಕೆ ಹೋಗಿ ಗಿಡ ಕಿತ್ತು ನೋಡಬೇಕು, ಅನುಮಾನವಿದ್ದರೆ ತುಂಡನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಅದರ ಡಿಎನ್‌ಎ ನೋಡಬೇಕು. ಅಷ್ಟು ಮಾಡದೆ ಹೊಸ ತಳಿ ಬಿಡುಗಡೆ ಮಾಡುತ್ತಾ ಹೋಗುವುದು, ಜ್ವರ ಯಾವುದೆಂದು ನೋಡದೆ ಗುಳಿಗೆ ಬದಲಿಸುತ್ತಾ ಹೋಗುವ ವೈದ್ಯಕೀಯ.

ಬೀಜದ ವಿಚಾರಕ್ಕೆ ಬಂದರೆ ಜೀನ್ ವಿಜ್ಞಾನದ ಇನ್ನೊಂದು ಮುಖ ಕಾಣುತ್ತದೆ. ಕಡಲೆ, ಹೆಸರು ಬಹುಮಟ್ಟಿಗೆ ತಮ್ಮ ಹೂವಿನ ಪರಾಗವನ್ನೇ ತಾವು ತೆಗೆದುಕೊಳ್ಳುವ ಬೆಳೆಗಳು. ಮನೆಯ ಬೀಜ ಹಾಕಿದರೂ ತಳಿ ಕೆಡುವುದು ಕಡಿಮೆ. ತೊಗರಿ ಹಾಗಲ್ಲ. ಅದರ ಹಳದಿ ಹೂವಿಗೆ ಜೇನು, ದುಂಬಿ ಮುತ್ತುತ್ತವೆ, ಒಂದು ಹೊಲದ ಪರಾಗ ಇನ್ನೊಂದು ಹೊಲಕ್ಕೆ ಹೋಗುತ್ತದೆ. ಎಷ್ಟು ಎಂಬುದು ಜಾಗ, ಹಂಗಾಮು, ಹುಳುಗಳ ಮೇಲೆ ನಿಂತಿದ್ದು. ನಾಲ್ಕರಲ್ಲಿ ಒಂದು ಕಾಳು ಬೆರಕೆಯಾಗುವುದು ಅಪರೂಪವೇನಲ್ಲ. ಹೀಗಾಗಿ ರೈತ ಸಂಪರ್ಕ ಕೇಂದ್ರದಿಂದ ಒಮ್ಮೆ ತಂದ ನಿರೋಧಕ ಬೀಜವನ್ನು ಮೂರು ನಾಲ್ಕು ವರ್ಷ ಮನೆಯಲ್ಲೇ ಎತ್ತಿಟ್ಟು ಬಿತ್ತಿದವರ ಹೊಲದಲ್ಲಿ ಹೆಸರು ಮಾತ್ರ ಹಳೆಯದು, ಜೀನ್ ಬೆರಕೆ. ನೆಟೆ ತಡೆಯುವ ಗಿಡಗಳ ನಡುವೆ ತಡೆಯದ ಗಿಡಗಳು ನಿಲ್ಲುತ್ತವೆ, ಅವು ಸತ್ತು ಮಣ್ಣಿಗೆ ಶಿಲೀಂಧ್ರ ತುಂಬುತ್ತವೆ, ಮುಂದಿನ ವರ್ಷ ಒತ್ತಡ ಇನ್ನಷ್ಟು. ಇದನ್ನು ಕಂಡುಹಿಡಿಯಲು ಇಂದು ಹೊಲವಿಡೀ ಬೆಳೆಸಿ ಕಾಯಬೇಕಿಲ್ಲ. ಜೀನ್ ಪುಸ್ತಕ ಓದಿದ್ದರ ಅತ್ಯಂತ ಸರಳ, ಅತ್ಯಂತ ತಕ್ಷಣದ ಲಾಭ ಇದೇ: ಹಿಡಿಯಷ್ಟು ಕಾಳು ಮೊಳಕೆ ತರಿಸಿ, ಎಲೆಯ ಚೂರಿನಿಂದ ಡಿಎನ್‌ಎ ತೆಗೆದು, ಗುರುತುಗಳನ್ನು ತಾಳೆ ನೋಡಿದರೆ ಈ ಬೀಜ ಎಷ್ಟರ ಮಟ್ಟಿಗೆ ತಾನೆಂದು ಹೇಳಿಕೊಂಡ ತಳಿಯೇ ಎಂಬುದು ಬಿತ್ತುವ ಮೊದಲೇ ತಿಳಿಯುತ್ತದೆ. ಇದಕ್ಕೆ ಬೇಕಾದ ಯಂತ್ರ ಕೋವಿಡ್ ಕಾಲದಲ್ಲಿ ಜಿಲ್ಲೆ ಜಿಲ್ಲೆಗೂ ಬಂದ ಪಿಸಿಆರ್ ಯಂತ್ರದ ದಾಯಾದಿಯೇ. ವಿಜ್ಞಾನ ದುಬಾರಿ ಎಂಬ ಮಾತು ಇಲ್ಲಿ ಅಷ್ಟಾಗಿ ಸಲ್ಲದು.

ಹಾಗಾಗಿ ಕೇಳಬೇಕಾದ್ದು ಇನ್ನೊಂದು ಭವ್ಯ ಜೀನ್ ಯೋಜನೆಯನ್ನಲ್ಲ. ಕಲಬುರಗಿ ಜಿಲ್ಲೆಯಲ್ಲಿ ಸುಮಾರು 6 ಲಕ್ಷ ಹೆಕ್ಟೇರಿನಲ್ಲಿ ತೊಗರಿ ನಿಲ್ಲುತ್ತದೆ; ಅಫಜಲಪುರ, ಆಳಂದ, ಜೇವರ್ಗಿ ಮೂರೂ ತಾಲ್ಲೂಕಿನಲ್ಲಿ ಮಳೆಯೂ ಮಣ್ಣಿನ ಆಳವೂ ಒಂದೇ ತೆರನಾಗಿಲ್ಲ. ಹೋಬಳಿಗೊಂದರಂತೆ ರೋಗದ ಹೊಲ ಗುರುತಿಸಿ, ಚಾಲ್ತಿಯಲ್ಲಿರುವ ಎಲ್ಲ ತಳಿಗಳನ್ನೂ ಹಳೆಯ ಜವಾರಿ ಬೀಜಗಳನ್ನೂ ಅಲ್ಲಿ ಪ್ರತಿ ವರ್ಷ ಸಾಲು ಸಾಲಾಗಿ ಬಿತ್ತಿ, ಯಾವುದು ಯಾವ ರೋಗಕ್ಕೆ ಬಿತ್ತು ಎಂಬ ಪಟ್ಟಿಯನ್ನು ರೈತರ ಮುಂದಿಡಬೇಕು. ಒಣಗಿದ ಗಿಡಗಳಿಂದ ಶಿಲೀಂಧ್ರವನ್ನು ಬೇರ್ಪಡಿಸಿ ಅದರ ಜೀನ್‌ಗಳನ್ನೂ ಓದಬೇಕು. ಗಿಡದ ಪುಸ್ತಕ ಮಾತ್ರ ಓದಿ ಶತ್ರುವಿನ ಪುಸ್ತಕ ಮುಚ್ಚಿಟ್ಟರೆ ಅರ್ಧ ಕಥೆಯೇ ಗೊತ್ತಾಗುವುದು. ಕಲಬುರಗಿಯಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ, ಅದರ ಮೇಲೆ ರಾಯಚೂರು ಕೃಷಿ ವಿಶ್ವವಿದ್ಯಾಲಯವಿದೆ, ಟಿಎಸ್-3ಆರ್, ಜಿಆರ್‌ಜಿ-811ರಂಥ ತಳಿಗಳು ಇಲ್ಲಿಂದಲೇ ಬಂದವು. ಬುದ್ಧಿಯ ಕೊರತೆ ಇಲ್ಲ. ಕೊರತೆ ಇರುವುದು ಹತ್ತು ವರ್ಷ ಒಂದೇ ಕೆಲಸವನ್ನು ಬಿಡದೆ ಮಾಡುವ ಹುದ್ದೆಗಳದ್ದು, ಪ್ರಾಜೆಕ್ಟಿನ ಹಣದಂತೆ ಮೂರು ವರ್ಷಕ್ಕೆ ಮುಗಿದುಹೋಗದ ಹಣದ್ದು.

ಇದಕ್ಕೆ ಬರುವ ಮೊದಲ ಆಕ್ಷೇಪ, ಜೀನ್ ಎಂಬ ಪದ ಕಿವಿಗೆ ಬಿದ್ದೊಡನೆ ಹುಟ್ಟುವ ಅಂಜಿಕೆ: ಇದೆಲ್ಲ ಕುಲಾಂತರಿಯ ಹಿಂಬಾಗಿಲಲ್ಲವೇ, ನಾಳೆ ಬೀಜ ಕಂಪನಿಯ ಕೈಗೆ ಹೋಗುವುದಿಲ್ಲವೇ? ಅಂಜಿಕೆಗೆ ಕಾರಣವಿಲ್ಲದಿಲ್ಲ, ಕಂಪನಿಯ ಕೈಗೆ ಹೋದ ಹತ್ತಿ ಬೀಜದ ಕಥೆ ಈ ಸೀಮೆಗೆ ಗೊತ್ತಿರುವಂಥದ್ದೇ. ಆದರೆ ಓದುವುದು ಬೇರೆ, ತಿದ್ದುವುದು ಬೇರೆ. ತೊಗರಿಯ ಜೀನ್ ಗುರುತು ನೋಡಿ ತಳಿ ಆರಿಸುವುದೆಂದರೆ ತೊಗರಿಗೆ ತೊಗರಿಯನ್ನೇ ಕೂಡಿಸಿ, ಹುಟ್ಟಿದ ಸಾವಿರ ಸಸಿಗಳಲ್ಲಿ ಬೇಕಾದ ಜೀನ್ ಇರುವುದನ್ನು ಎಳವೆಯಲ್ಲೇ ಗುರುತಿಸುವುದು. ಹೊರಗಿನದ್ದೇನೂ ಒಳಗೆ ಬರುವುದಿಲ್ಲ. ಕಾಯಿಕೊರಕಕ್ಕೆ ಬಿಟಿ ಜೀನ್ ಹಾಕಿದ ತೊಗರಿಯ ಪ್ರಯೋಗಗಳು ನಡೆದಿವೆ, ಆದರೆ ರೈತರ ಹೊಲಕ್ಕೆ ಬಂದಿಲ್ಲ, ಅದು ಬೇರೆಯೇ ಚರ್ಚೆ. ಈ ಎರಡರ ನಡುವಿನದ್ದು ಜೀನ್ ತಿದ್ದುಪಡಿ: 2022ರಲ್ಲಿ ಕೇಂದ್ರ ಸರ್ಕಾರ ಹೊರಗಿನ ಜೀನ್ ಇಲ್ಲದ ತಿದ್ದುಪಡಿ ಸಸ್ಯಗಳನ್ನು ಕುಲಾಂತರಿಯ ಕಟ್ಟುನಿಟ್ಟಿನಿಂದ ಬಿಟ್ಟಿತು, 2025ರ ಮೇ ತಿಂಗಳಲ್ಲಿ ಅಂಥ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಅಲ್ಲಿ ಪೇಟೆಂಟ್ ಯಾರದ್ದು ಎಂಬ ಪ್ರಶ್ನೆಯನ್ನು ಬಿಡದೆ ಕೇಳಲೇಬೇಕು. ಕಂಪನಿಯ ಭಯಕ್ಕೆ ಮದ್ದು ಸಾರ್ವಜನಿಕ ಸಂಶೋಧನೆಯನ್ನು ದೂರವಿಡುವುದಲ್ಲ. ಸರ್ಕಾರಿ ಕೇಂದ್ರ ಮಾಡದೆ ಬಿಟ್ಟ ಕೆಲಸವನ್ನೇ ಕಂಪನಿ ದುಡ್ಡಿಗೆ ಮಾಡುತ್ತದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತನಿಗೆ ಬೀಜ ಎತ್ತಿಡುವ, ಬಿತ್ತುವ, ಹಂಚುವ, ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕು ಕೊಟ್ಟಿದೆ, ಹಳೆಯ ತಳಿ ಕಾಪಾಡಿದ ಸಮುದಾಯಗಳಿಗೆ ಪಾಲು ಸಲ್ಲಿಸಲು ಜೀನ್ ನಿಧಿಯನ್ನೇ ಇಟ್ಟಿದೆ. ಆ ನಿಧಿಯ ಹೆಸರು ಎಷ್ಟು ಊರುಗಳಿಗೆ ಗೊತ್ತು ಎಂಬುದು ಬೇರೆ ಮಾತು.

ಎರಡನೆಯ ಆಕ್ಷೇಪ ಇದರ ತದ್ವಿರುದ್ಧ ದಿಕ್ಕಿನದ್ದು, ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವಂಥದ್ದು: ಹಿಂದಿನವರ ಜವಾರಿ ಬೀಜಕ್ಕೆ ರೋಗವೇ ಇರಲಿಲ್ಲ, ಈ ಸಂಶೋಧನೆ ಎಲ್ಲ ಬಂದ ಮೇಲೆ ಬಂತು. ತೊಗರಿ ಈ ನೆಲಕ್ಕೆ ಹಳೆಯದೆಂಬುದು ನಿಜ. ಬಳ್ಳಾರಿಯ ಸಂಗನಕಲ್ಲಿನ ಶಿಲಾಯುಗದ ನೆಲೆಯಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದಿನ ತೊಗರಿ ಕಾಳು ಸಿಕ್ಕಿದೆ. ರೋಗವಿರಲಿಲ್ಲ ಎಂಬುದು ಮಾತ್ರ ನಿಜವಲ್ಲ. ಪೂಸಾದಲ್ಲಿ ವಿಜ್ಞಾನಿ ಎಡ್ವಿನ್ ಬಟ್ಲರ್ ನೆಟೆಯ ಶಿಲೀಂಧ್ರವನ್ನು ವಿವರಿಸಿದ್ದು 1906ರ ಹೊತ್ತಿಗೆ. ಆಗ ದೇಶದಲ್ಲಿದ್ದ ತೊಗರಿಯೆಲ್ಲ ಜವಾರಿಯೇ, ಸತ್ತದ್ದೂ ಜವಾರಿಯೇ. ಆದರೂ ಈ ಆಕ್ಷೇಪದೊಳಗೆ ಹಿಡಿಯಬೇಕಾದ ಒಂದು ಎಳೆ ಇದೆ. ಜವಾರಿ ಹೊಲದಲ್ಲಿ ಗಿಡಗಿಡಕ್ಕೂ ಜೀನ್ ಬೇರೆ, ಪಕ್ಕದ ಸಾಲಿನಲ್ಲಿ ಜೋಳ ಬೇರೆ. ಎಲ್ಲವೂ ಒಟ್ಟಿಗೆ ಬೀಳುತ್ತಿರಲಿಲ್ಲ. ತೊಗರಿಯ ಜೊತೆ ಜೋಳ ಬೆಳೆದರೆ ನೆಟೆ ಕಡಿಮೆಯಾಗುತ್ತದೆ ಎಂಬುದನ್ನು ಪ್ರಯೋಗಗಳೂ ತೋರಿಸಿವೆ. ಮಾರುತಿ ಒಂದೇ ಶೇ 60ರಷ್ಟು ನೆಲ ಹಿಡಿದದ್ದು ಅದರ ಗೆಲುವೂ ಹೌದು, ಶಿಲೀಂಧ್ರಕ್ಕೆ ಒಂದೇ ಬೀಗ ತೆರೆಯುವುದನ್ನು ಕಲಿತರೆ ಸಾಕೆಂದು ಬಿಟ್ಟುಕೊಟ್ಟ ಅವಕಾಶವೂ ಹೌದು. ಇಕ್ರಿಸ್ಯಾಟ್‌ನ ಬೀಜ ಭಂಡಾರದಲ್ಲಿ 13 ಸಾವಿರಕ್ಕೂ ಹೆಚ್ಚು ತೊಗರಿ ಮಾದರಿಗಳು ಚಳಿಪೆಟ್ಟಿಗೆಯಲ್ಲಿವೆ. ಅವುಗಳಲ್ಲಿ ನಮ್ಮ ಜಿಲ್ಲೆಗಳ ಹಳೆಯ ಬೀಜಗಳನ್ನು ಹುಡುಕಿ ತಂದು ನಮ್ಮದೇ ರೋಗದ ಹೊಲದಲ್ಲಿ ಪರೀಕ್ಷಿಸಿದರೆ ಜವಾರಿಯ ಮೇಲಿನ ಅಭಿಮಾನಕ್ಕೂ ಒಂದು ಕೆಲಸ ಸಿಕ್ಕೀತು.

ನಿಜವಾಗಿ ಭಾರವಾದ ಆಕ್ಷೇಪ ಮೂರನೆಯದು. ತೊಗರಿ ರೈತ ಸೋಲುತ್ತಿರುವುದು ಜೀನಿನಿಂದಲ್ಲ, ದರದಿಂದ; ಮೊಜಾಂಬಿಕ್, ಮ್ಯಾನ್ಮಾರ್‌ನಿಂದ ಸುಂಕವಿಲ್ಲದೆ ತೊಗರಿ ಬಂದಿಳಿದರೆ ರಾಶಿ ಮಾಡುವ ಹೊತ್ತಿಗೇ ಪೇಟೆ ಬೀಳುತ್ತದೆ, ಆಗ ರೋಗವಿಲ್ಲದ ಬೆಳೆಯೂ ಸಾಲವೇ. ಇದು ಒಪ್ಪತಕ್ಕ ಮಾತು, ಯಾವ ಪ್ರಯೋಗಾಲಯವೂ ಇದಕ್ಕೆ ಉತ್ತರ ಕೊಡಲಾರದು. ಆದರೆ ಆಮದಿಗೆ ಸರ್ಕಾರ ಕೊಡುವ ಸಮಜಾಯಿಷಿಯನ್ನು ಗಮನಿಸಿ: ಇಲ್ಲಿ ಸಾಕಷ್ಟು ಬೆಳೆಯುತ್ತಿಲ್ಲ. ದೇಶದ ತೊಗರಿ ಇಳುವರಿ ದಶಕಗಳಿಂದ ಹೆಕ್ಟೇರಿಗೆ ಏಳೆಂಟು ಕ್ವಿಂಟಲ್ ಆಸುಪಾಸಿನಲ್ಲೇ ಹೊರಳಾಡುತ್ತಿದೆ, ಒಂದು ವರ್ಷ ರೋಗ, ಒಂದು ವರ್ಷ ಕೀಡೆ, ಒಂದು ವರ್ಷ ಮಳೆ. ಬೆಳೆ ಹೀಗೆ ಏರಿಳಿಯುವವರೆಗೆ ಆಮದಿನ ಬಾಗಿಲು ತೆರೆದಿಡಲು ನೆಪ ಸಿಗುತ್ತಲೇ ಇರುತ್ತದೆ. 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಆ ಹೆಸರಿಗೆ ಹೆಚ್ಚಿನ ದರ ಬರಬೇಕಾದರೆ ಪ್ರತಿ ವರ್ಷ ಅದೇ ಗುಣದ ಕಾಳು ಇಷ್ಟು ಕ್ವಿಂಟಲ್ ಕೊಡುತ್ತೇವೆ ಎಂದು ವ್ಯಾಪಾರಿಗೆ ಹೇಳುವ ಧೈರ್ಯ ಬೇಕು. ಬೆರಕೆ ಬೀಜ, ಅರ್ಧ ಒಣಗಿದ ಹೊಲ ಇಟ್ಟುಕೊಂಡು ಆ ಮಾತು ಹೇಳಲಾಗದು. ದರದ ಹೋರಾಟವೂ ಬೀಜದ ಹೋರಾಟವೂ ಬೇರೆ ಬೇರೆ ವೇದಿಕೆಯಲ್ಲಿ ನಡೆಯುತ್ತಿರುವುದೇ ಎರಡೂ ಸೊರಗಲು ಕಾರಣ.

ಜೀನ್ ಸಂಶೋಧನೆಯ ಮಿತಿಯನ್ನೂ ಒಪ್ಪಿಕೊಳ್ಳಬೇಕು, ಇಲ್ಲವಾದರೆ ಈ ವಾದ ಮಾರಾಟದ ಮಾತಾದೀತು. ಕಾಯಿಕೊರಕಕ್ಕೆ ನಾವು ಬೆಳೆಯುವ ತೊಗರಿಯಲ್ಲಿ ಗಟ್ಟಿಯಾದ ನಿರೋಧ ಶಕ್ತಿ ಇದುವರೆಗೂ ಸಿಕ್ಕಿಲ್ಲ. ಕಾಡು ತೊಗರಿಯ ಕೆಲವು ಜಾತಿಗಳಲ್ಲಿ ಇದೆ, ಅದನ್ನು ಬೆಳೆಯೊಳಗೆ ತರುವುದು ಸುಲಭವಾಗಿಲ್ಲ. 1997-98ರಲ್ಲಿ ಈ ಕೀಡೆ ಕಲಬುರಗಿ, ಬೀದರ್ ಸೀಮೆಯನ್ನು ಮುತ್ತಿ, ಸಾಲದಲ್ಲಿ ರೈತರು ಜೀವ ಕಳೆದುಕೊಂಡಾಗ ಕೈಹಿಡಿದದ್ದು ಯಾವ ಜೀನೂ ಅಲ್ಲ. ಸಾಲಿನ ನಡುವೆ ಒಬ್ಬ ತಾಡಪತ್ರಿಯನ್ನು ಎಳೆದುಕೊಂಡು ಹೋಗುವುದು, ಅಕ್ಕಪಕ್ಕದ ಇಬ್ಬರು ಗಿಡವನ್ನು ಮೆಲ್ಲಗೆ ಬಗ್ಗಿಸಿ ಅಲುಗಾಡಿಸುವುದು. ಪಟಪಟನೆ ಉದುರಿದ ಹಸಿರು ಹುಳುಗಳನ್ನು ಗುಡ್ಡೆ ಮಾಡಿ ಕೊಲ್ಲುವುದು. ಕಲಬುರಗಿಯ ರೈತರು ರೂಢಿಸಿದ ಈ ವಿಧಾನವನ್ನು ಆಮೇಲೆ ವಿಜ್ಞಾನಿಗಳು ಅಳೆದು ನೋಡಿ, ಕೆಲಸ ಮಾಡುತ್ತದೆಂದು ಬರೆದರು. ಸಂಶೋಧನೆ ಎಂದರೆ ಹೀಗೆ ಎರಡೂ ಕಡೆಯಿಂದ ನಡೆದು ಬರುವ ದಾರಿ. ನೆಟೆಯ ವಿಷಯದಲ್ಲಿ ಒಂದು ಕಡೆಯವರು 83 ಕೋಟಿ ಅಕ್ಷರ ಓದಿ ಕೂತಿದ್ದಾರೆ, ಇನ್ನೊಂದು ಕಡೆಯವರು ಒಣಗಿದ ಗಿಡ ಹಿಡಿದು ನಿಂತಿದ್ದಾರೆ.

ಜನವರಿಯಲ್ಲಿ ರಾಶಿ ಮುಗಿದ ಮೇಲೆ ತೊಗರಿ ಕಟ್ಟಿಗೆ ಒಲೆಗೆ ಹೋಗುತ್ತದೆ, ಕೂಳೆ ಹೊಲದಲ್ಲೇ ಉಳಿಯುತ್ತದೆ. ನೆಟೆಯ ಶಿಲೀಂಧ್ರ ಆ ಕೂಳೆಯಲ್ಲಿ, ಅದರ ಸುತ್ತಲಿನ ಮಣ್ಣಿನಲ್ಲಿ ಮೂರು ವರ್ಷಕ್ಕೂ ಮೀರಿ ಜೀವ ಹಿಡಿದು ಕೂರಬಲ್ಲದು. ಕಪ್ಪು ಗೆರೆ ಇರುವ ಅಂಥ ಒಂದು ಗೇಣುದ್ದದ ತುಂಡನ್ನು ಕಾಗದದ ಚೀಲಕ್ಕೆ ಹಾಕಿ, ಊರು, ಸರ್ವೆ ನಂಬರ್, ಬಿತ್ತಿದ ತಳಿ, ಒಣಗಲು ಶುರುವಾದ ತಾರೀಖು ಬರೆದು ಕೊಡಲು ಮಣ್ಣೂರಿನ ರೈತನಿಗೆ ಐದು ನಿಮಿಷದ ಕೆಲಸ. ಅದನ್ನು ಊರಿನಲ್ಲೇ ತೆಗೆದುಕೊಂಡು, ಮುಂದಿನ ಬಿತ್ತಿಗೆಗೆ ಮೊದಲು, ಮೇ ತಿಂಗಳೊಳಗೆ, ಇದು ಇಂಥ ರೋಗ, ಈ ಹೊಲಕ್ಕೆ ಇಂಥ ತಳಿ ಬೇಡ ಎಂದು ಬರೆದು ವಾಪಸ್ ಕಳಿಸುವ ಕೌಂಟರ್ ಮೂರು ತಾಲ್ಲೂಕಿಗೂ ಒಂದೊಂದು ಬೇಕು.